ತಾಂಬರಂ ಸ್ಯಾನಟೋರಿಯಂ: ಒಂದು ಸ್ಟೇಷನ್ನಿನ ಹೆಸರಿನ ಕಥೆ

ಚೆನ್ನೈ ಬೀಚ್‌ನಿಂದ ದಕ್ಷಿಣಕ್ಕೆ ಹೊರಟ ಲೋಕಲ್ ರೈಲು ಗಿಂಡಿ, ಸೇಂಟ್ ಥಾಮಸ್ ಮೌಂಟ್, ಪಲ್ಲಾವರಂ, ಕ್ರೋಮ್‌ಪೇಟೆ ದಾಟಿದ ಮೇಲೆ, ತಾಂಬರಂ ಮುಟ್ಟುವ ಮೊದಲು ಇನ್ನೊಂದು ಕಡೆ ನಿಲ್ಲುತ್ತದೆ. ಬೆಳಗಿನ ಹೊತ್ತಾದರೆ ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡವರು ಗುಂಪುಗುಂಪಾಗಿ ಇಳಿಯುತ್ತಾರೆ. ಇವರಲ್ಲಿ ಹೆಚ್ಚಿನವರು ಹತ್ತಿರದ ರಫ್ತು ವಲಯದ ಕಾರ್ಖಾನೆ, ಸಾಫ್ಟ್‌ವೇರ್ ಕಚೇರಿಗಳಿಗೆ ಹೋಗುವವರು. ಅವರ ನಡುವೆ ಎಕ್ಸ್‌ರೇಯ ದೊಡ್ಡ ಲಕೋಟೆ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತುವವರೂ ಕೆಲವರಿರುತ್ತಾರೆ. ಸ್ಟೇಷನ್ನಿನ ಹೆಸರು ಹುಟ್ಟಿದ್ದು ಈ ಎರಡನೆಯವರಿಂದ. ಬೋರ್ಡಿನ ಮೇಲೆ ತಮಿಳು, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇರುವುದು ಒಂದೇ ಮಾತು: ತಾಂಬರಂ ಸ್ಯಾನಟೋರಿಯಂ.

ಈ ಸಾಲಿನಲ್ಲಿ ಇಂಗ್ಲಿಷ್ ಹೆಸರಿನ ಸ್ಟೇಷನ್ನುಗಳು ಇನ್ನೂ ಇವೆ, ಆದರೆ ಅವುಗಳ ಪಾಡು ಬೇರೆ. ಸೇಂಟ್ ಥಾಮಸ್ ಮೌಂಟಿಗೆ ತಮಿಳಿನಲ್ಲಿ ಪರಂಗಿಮಲೈ ಎಂಬ ಸ್ವಂತ ಹೆಸರಿದೆ. ಫರಂಗಿಯವರ ಬೆಟ್ಟ ಅಂತ ಅರ್ಥ. ಕ್ರೋಮ್‌ಪೇಟೆಗೆ ಹೆಸರು ಕೊಟ್ಟದ್ದು ಅಲ್ಲಿದ್ದ ಕ್ರೋಮ್ ಲೆದರ್ ಕಂಪನಿ. ಚರ್ಮ ಹದ ಮಾಡುವ ಒಂದು ರಾಸಾಯನಿಕದ ಹೆಸರಿಗೆ ನಮ್ಮ 'ಪೇಟೆ' ಅಂಟಿಕೊಂಡು ಅದು ಊರಾಯಿತು. ಸ್ಯಾನಟೋರಿಯಂಗೆ ಇಂಥ ಯಾವ ಉಪಚಾರವೂ ಸಿಗಲಿಲ್ಲ. ಅದಕ್ಕೆ ತಮಿಳು ಹೆಸರಿಲ್ಲ, ಪೇಟೆಯೋ ಪಾಕ್ಕವೋ ಹಿಂದೆ ಸೇರಲಿಲ್ಲ. ಸಾಮಾನ್ಯ ನಾಮಪದವೊಂದು ಹಾಗೆಹಾಗೇ ಊರಿನ ಹೆಸರಾಗಿ ಕೂತಿದೆ. ಸುತ್ತಲಿನ ಬಡಾವಣೆಗೂ ಜಿಎಸ್‌ಟಿ ರಸ್ತೆಯ ಬಸ್ ನಿಲ್ದಾಣಕ್ಕೂ ಜನರ ಬಾಯಲ್ಲಿ ಬರೀ 'ಸಾನಟೋರಿಯಂ'.

ಆ ಪದ ಇಂಗ್ಲಿಷಿನಲ್ಲೂ ಬಹಳ ಹಳೆಯದಲ್ಲ. ಚಾಲ್ತಿಗೆ ಬಂದದ್ದು 19ನೇ ಶತಮಾನದಲ್ಲಿ. ಅದರ ಜೊತೆಗೇ 'ಸ್ಯಾನಿಟೇರಿಯಂ' ಎಂಬ ಅವಳಿಯೂ ಹುಟ್ಟಿತು. ಮೊದಲನೆಯದು ಲ್ಯಾಟಿನ್‌ನ 'ಗುಣಪಡಿಸು' ಎಂಬ ಕ್ರಿಯಾಪದದಿಂದ ಬಂದದ್ದು, ಎರಡನೆಯದು 'ಆರೋಗ್ಯ' ಎಂಬ ನಾಮಪದದಿಂದ. ಒಂದು ಕಾಯಿಲೆ ಬಿದ್ದವರನ್ನು ಗುಣಪಡಿಸುವ ಜಾಗ, ಇನ್ನೊಂದು ಆರೋಗ್ಯ ಕಾಪಾಡಿಕೊಳ್ಳುವ ಜಾಗ. ವ್ಯತ್ಯಾಸ ಇಷ್ಟು ಸ್ಪಷ್ಟವಾಗಿದ್ದರೂ ಜನ ಅದನ್ನು ಪಾಲಿಸಲಿಲ್ಲ. ಅಮೆರಿಕದಲ್ಲಿ ಎಡ್ವರ್ಡ್ ಟ್ರೂಡೊ ಎಂಬ ವೈದ್ಯ, ತಾನೇ ಕ್ಷಯದಿಂದ ನರಳಿದವನು, ಸಾರನಾಕ್ ಲೇಕ್‌ನಲ್ಲಿ ಕಟ್ಟಿದ ಆಸ್ಪತ್ರೆಯ ಹೆಸರು ಮೊದಲು ಸ್ಯಾನಿಟೇರಿಯಂ ಎಂದಿತ್ತು, ಅವನು ತೀರಿಕೊಂಡ ಮೇಲೆ ಸ್ಯಾನಟೋರಿಯಂ ಆಯಿತು. ಕಾರ್ನ್‌ಫ್ಲೇಕ್ಸ್ ಖ್ಯಾತಿಯ ಕೆಲಾಗ್ ಡಾಕ್ಟರು ಬ್ಯಾಟಲ್ ಕ್ರೀಕ್‌ನ ತಮ್ಮ ಸಂಸ್ಥೆಗೆ 'ಸ್ಯಾನಿಟೇರಿಯಂ' ಎಂದು ಹೆಸರಿಟ್ಟು, ಆ ಪದ ತಮ್ಮದೇ ಸೃಷ್ಟಿ ಎಂದುಕೊಂಡಿದ್ದರು. ಪದ ಮಾತ್ರ ಅವರಿಗಿಂತ ಮೊದಲೇ ಇತ್ತು. ಕನ್ನಡಿಗರ ಬಾಯಲ್ಲಿ ಬಹಳ ಸಲ ಕೇಳುವ 'ಸ್ಯಾನಿಟೋರಿಯಂ' ಎರಡನ್ನೂ ಅರ್ಧರ್ಧ ಹಂಚಿಕೊಂಡಿದೆ. ತಪ್ಪು ಎಂದು ತಿದ್ದುವವರಿಗೆ ಇಂಗ್ಲಿಷರೇ ಅದನ್ನು ಸರಿಯಾಗಿ ಬಳಸಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಕಂಪನಿ ಸರ್ಕಾರದ ಕಾಲದ ಭಾರತದಲ್ಲಿ ಈ ಪದಕ್ಕೂ ಕ್ಷಯಕ್ಕೂ ಸಂಬಂಧವೇ ಇರಲಿಲ್ಲ. ಬಯಲಿನ ಸೆಕೆ, ಜ್ವರ, ಭೇದಿಗಳಿಂದ ಸೊರಗಿದ ಗೋರಾ ಸಿಪಾಯಿಗಳನ್ನು ಚೇತರಿಸಿಕೊಳ್ಳಲು ಕಳಿಸುತ್ತಿದ್ದ ಬೆಟ್ಟದ ಊರು ಎಂಬುದೇ ಅದರ ಅರ್ಥ. ಊಟಿಯನ್ನೂ ದಾರ್ಜಿಲಿಂಗನ್ನೂ ಹಳೆಯ ಕಡತಗಳು ಹೀಗೇ ಕರೆಯುತ್ತವೆ. ಸಂಡೂರಿನ ರಾಮನದುರ್ಗ ಬಳ್ಳಾರಿ ದಂಡಿನ ಸಿಪಾಯಿಗಳಿಗೆ ಇಂಥದೇ ಜಾಗ. ಮೂರು ಸಾವಿರ ಅಡಿಗೂ ಮಿಕ್ಕಿದ ಎತ್ತರದಲ್ಲಿ, ಬಳ್ಳಾರಿಯ ಬಿಸಿಲಿಂದ ತಪ್ಪಿಸಿಕೊಂಡವರಿಗೆ ಒಂದಿಷ್ಟು ತಂಪು. ಅಂದರೆ ಆ ಹೊತ್ತಿಗೆ ಅದು ಅಂಜಿಕೆಯ ಪದವಲ್ಲ, ಆಸೆಯ ಪದ. ಅದರ ಮೇಲೆ ಕ್ಷಯದ ನೆರಳು ಬಿದ್ದದ್ದು ಯುರೋಪಿನಿಂದ. 1850ರ ದಶಕದಲ್ಲಿ ಹರ್ಮಾನ್ ಬ್ರೆಹ್ಮರ್ ಎಂಬಾತ ಸೈಲೀಸಿಯಾದ ಬೆಟ್ಟಸಾಲಿನ ಗರ್ಬರ್ಸ್‌ಡಾರ್ಫ್‌ನಲ್ಲಿ, ಒಳ್ಳೆಯ ಗಾಳಿ, ಹೊಟ್ಟೆ ತುಂಬ ಊಟ, ವೈದ್ಯರ ಕಣ್ಣೆದುರಿನ ವಿಶ್ರಾಂತಿ ಇಷ್ಟಿದ್ದರೆ ಕ್ಷಯ ವಾಸಿಯಾಗುತ್ತದೆ ಎಂದು ಚಿಕಿತ್ಸೆ ಶುರುಮಾಡಿದ. ಬೇರೆ ಔಷಧಿ ಇಲ್ಲದ ಕಾಲ. ದಾವೋಸ್‌ನಿಂದ ಹಿಡಿದು ಅಮೆರಿಕದ ತನಕ ಅದೇ ಮಾದರಿಯ ಆಸ್ಪತ್ರೆಗಳು ಎದ್ದವು.

ಹಾಗೆ ಎದ್ದ ಕಡೆಗಳಲ್ಲಿ ಊರಿನ ಹೆಸರೇ ಸ್ಯಾನಟೋರಿಯಂ ಆದದ್ದು ತಾಂಬರಂನಲ್ಲಿ ಮಾತ್ರವಲ್ಲ. ಅಮೆರಿಕದ ಮಿಸಿಸಿಪ್ಪಿಯಲ್ಲಿ ಸ್ಯಾನಟೋರಿಯಂ ಎಂಬ ಊರಿದೆ. ಟೆಕ್ಸಸ್‌ನಲ್ಲಿ ಇನ್ನೊಂದಿತ್ತು. ಉತ್ತರ ಕ್ಯಾರೊಲಿನಾದಲ್ಲಿ 1908ರಲ್ಲಿ ತೆರೆದ ಸರ್ಕಾರಿ ಕ್ಷಯ ಆಸ್ಪತ್ರೆಯ ಸುತ್ತಲಿನ ಊರಿಗೂ ಅದೇ ಹೆಸರಿತ್ತು. ಆಮೇಲೆ ಅಲ್ಲಿನ ವೈದ್ಯರೊಬ್ಬರ ನೆನಪಿಗೆ ಊರನ್ನು ಮಕೇನ್ ಎಂದು ಕರೆದರು, ಕಟ್ಟಡ ಕೈದಿಗಳ ಆಸ್ಪತ್ರೆಯಾಯಿತು. ಈ ಊರುಗಳೆಲ್ಲ ಹುಟ್ಟಿದ್ದು ಒಂದೇ ರೀತಿ. ಪೇಟೆಯಿಂದ ದೂರ, ಯಾರೂ ಇಲ್ಲದ ಜಾಗದಲ್ಲಿ ಆಸ್ಪತ್ರೆ; ನೂರಾರು ರೋಗಿಗಳು, ನರ್ಸುಗಳು, ಅಡುಗೆಯವರು. ಅವರಿಗೆ ಕಾಗದ ಬರಬೇಕು, ಆದ್ದರಿಂದ ಅಂಚೆ ಕಚೇರಿ. ಬಂದವರು ಇಳಿಯಬೇಕು, ಆದ್ದರಿಂದ ರೈಲು ನಿಲ್ದಾಣ. ಅಂಚೆಯೂ ರೈಲೂ ಬಂದ ಮೇಲೆ ಹೆಸರು ಬೇಕೇಬೇಕು. ಮೊದಲು ಅಲ್ಲಿ ಊರೇ ಇರದಿದ್ದರೆ ಆಸ್ಪತ್ರೆಯ ಹೆಸರೇ ಗತಿ.

ನಮ್ಮ ಕಡೆ ಹೆಸರಿನ ವಿಷಯದಲ್ಲಿ ಒಂದೊಂದು ಜಾಗ ಒಂದೊಂದು ದಾರಿ ಹಿಡಿಯಿತು. ಕೋಲಾರದ ಗಡಿಯಾಚೆ ಮದನಪಲ್ಲಿಯ ಹತ್ತಿರ ಹಲವು ಮಿಷನ್‌ಗಳು ಕೂಡಿ 1915ರಲ್ಲಿ ತೆರೆದ ಆಸ್ಪತ್ರೆ, ಡೆನ್ಮಾರ್ಕಿನ ಡಾಕ್ಟರ್ ಫ್ರಿಮೊಟ್-ಮೊಲ್ಲರ್ ಅವರ ಕೈಯಲ್ಲಿ ಬೆಳೆದದ್ದು, 'ಆರೋಗ್ಯವರಂ' ಎಂಬ ಹೆಸರು ಪಡೆಯಿತು. ರೋಗದ ಸುಳಿವೇ ಇಲ್ಲದ, ವರ ಕೊಟ್ಟಂತೆ ಕೇಳುವ ಹೆಸರು. ಮೀರಜ್‌ನ ಬಳಿ ಡಾಕ್ಟರ್ ವಾನ್ಲೆಸ್ ಅವರಿಂದಾಗಿ ವಾನ್ಲೆಸ್‌ವಾಡಿ ಹುಟ್ಟಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ 1921ರಲ್ಲಿ ಸ್ಯಾನಟೋರಿಯಂ ಬಂತು. ಅರಮನೆಯ ಗೋಡೆ ಕ್ಷಯವನ್ನು ತಡೆದಿರಲಿಲ್ಲ ಎಂಬುದಕ್ಕೆ ಆ ಹೆಸರೇ ಗುರುತು. ರಾಜಕುಮಾರಿಯ ಉದ್ದನೆಯ ಹೆಸರನ್ನು ಜನ ಎರಡಕ್ಷರಕ್ಕೆ ಇಳಿಸಿ 'ಪಿಕೆ ಸ್ಯಾನಿಟೋರಿಯಂ' ಮಾಡಿದರು. ಈರೋಡಿನ ಬಳಿಯ ಪೆರುಂದುರೈಯಲ್ಲಿ ಮಾತ್ರ ತಾಂಬರಂನ ಕಥೆಯೇ ಮರುಕಳಿಸಿದೆ: ಕ್ಷಯದ ಆಸ್ಪತ್ರೆ ಇದ್ದ ಕಡೆ ಈಗ ವೈದ್ಯಕೀಯ ಕಾಲೇಜಿದೆ, ವಿಳಾಸದಲ್ಲಿ ಇವತ್ತಿಗೂ 'ಪೆರುಂದುರೈ ಸ್ಯಾನಟೋರಿಯಂ'.

ತಾಂಬರಂನದ್ದನ್ನು ಕಟ್ಟಿದವರು ಮಿಷನರಿಗಳೂ ಅಲ್ಲ, ಮಹಾರಾಜರೂ ಅಲ್ಲ. ಡೇವಿಡ್ ಜೇಕಬ್ ಆರನ್ ಚೌರಿ ಮುತ್ತು ಇಂಗ್ಲೆಂಡಿನಲ್ಲಿ ಕ್ಷಯದ ವೈದ್ಯರಾಗಿ ಹೆಸರು ಮಾಡಿದ್ದವರು. ಸಾಮರ್ಸೆಟ್‌ನ ಮೆಂಡಿಪ್ ಬೆಟ್ಟಗಳಲ್ಲಿ ಅವರದೇ ಒಂದು ಸ್ಯಾನಟೋರಿಯಂ ನಡೆಯುತ್ತಿತ್ತು. ಬಿಳಿಯ ರೋಗಿಗಳಿಗೆ ಕಂದು ಬಣ್ಣದ ವೈದ್ಯ, ಅದೂ ಸಾಮ್ರಾಜ್ಯದ ಕಾಲದಲ್ಲಿ. 1914ರಲ್ಲಿ ಮದ್ರಾಸಿನಿಂದ ಹೊರಟ 'ನೆವಾಸಾ' ಹಡಗಿನಲ್ಲಿ ಅವರೂ ಇದ್ದರು, ಕೇಂಬ್ರಿಜ್‌ಗೆ ಹೊರಟಿದ್ದ ಶ್ರೀನಿವಾಸ ರಾಮಾನುಜನ್ ಕೂಡ ಇದ್ದರು. ಮೂರು ವರ್ಷಗಳ ನಂತರ ರಾಮಾನುಜನ್ ಕಾಯಿಲೆ ಬಿದ್ದಾಗ, ಕ್ಷಯ ಎಂಬ ಅನುಮಾನದ ಮೇಲೆ, ಹೋಗಿ ಮಲಗಿದ ಆಸ್ಪತ್ರೆಗಳಲ್ಲಿ ಮೆಂಡಿಪ್ ಒಂದು. ತೆರೆದ ಕಿಟಕಿ, ತಣ್ಣನೆ ಗಾಳಿ ಆಗಿನ ಚಿಕಿತ್ಸೆಯ ಪ್ರಾಣ. ಕಾವೇರಿ ದಂಡೆಯ ಸೆಕೆಯಲ್ಲಿ ಬೆಳೆದ ಸಸ್ಯಾಹಾರಿಗೆ ಇಂಗ್ಲೆಂಡಿನ ಸ್ಯಾನಟೋರಿಯಂಗಳ ಚಳಿಯೂ ಊಟವೂ ದೊಡ್ಡ ಶಿಕ್ಷೆಯಾದವು. 1920ರಲ್ಲಿ ಅವರು ಮದ್ರಾಸಿನ ಚೆಟ್‌ಪೆಟ್‌ನಲ್ಲಿ ತೀರಿಕೊಂಡರು. ಅವರಿಗಿದ್ದದ್ದು ಕ್ಷಯವೇ ಅಲ್ಲ, ಯಕೃತ್ತಿಗೆ ತಗುಲಿದ ಅಮೀಬಾ ಸೋಂಕು ಇರಬೇಕು ಎಂಬ ವಾದವನ್ನು ಬಹಳ ವರ್ಷಗಳ ನಂತರ ವೈದ್ಯರು ಮುಂದಿಟ್ಟರು. ಚೆಟ್‌ಪೆಟ್ ಹೆಸರು ಈ ಕಥೆಯಲ್ಲಿ ಮತ್ತೆ ಬರಲಿದೆ.

ಚೌರಿ ಮುತ್ತು ತಾಯ್ನಾಡಿಗೆ ಮರಳಿ, 1928ರ ಏಪ್ರಿಲ್ 9ರಂದು, ತಾಂಬರಂ ಬಳಿಯ ಪಚ್ಚೈಮಲೈ ಗುಡ್ಡದ ಬುಡದಲ್ಲಿ ಸುಮಾರು 250 ಎಕರೆ ಜಾಗದಲ್ಲಿ ಸ್ಯಾನಟೋರಿಯಂ ತೆರೆದರು. ಶುರುವಾದಾಗ ಇದ್ದದ್ದು ಬರೀ 12 ಹಾಸಿಗೆ. ಜಾಗದ ಅಳತೆಗೂ ಹಾಸಿಗೆಯ ಲೆಕ್ಕಕ್ಕೂ ತಾಳವೇ ಇಲ್ಲ ಅನ್ನಿಸಬಹುದು, ಆದರೆ ಅಲ್ಲಿ ಔಷಧಿ ಎಂದರೆ ಗಾಳಿಯೇ. ತಮಿಳಿನಲ್ಲಿ ಪಚ್ಚೈ ಎಂದರೆ ಹಸಿರು, ಕನ್ನಡದ ಪಚ್ಚೆಯೇ. ಬೆಟ್ಟದ ಹೆಸರಿನಲ್ಲೇ ಅರ್ಧ ಚಿಕಿತ್ಸೆ ಇತ್ತು. ಮೂರು ವರ್ಷದಲ್ಲಿ, 1931ರಲ್ಲಿ, ಬೀಚ್‌ನಿಂದ ತಾಂಬರಂವರೆಗೆ ವಿದ್ಯುತ್ ರೈಲು ಓಡತೊಡಗಿತು. 1937ರಲ್ಲಿ ಸರ್ಕಾರ ಆಸ್ಪತ್ರೆಯನ್ನು ವಹಿಸಿಕೊಂಡಿತು. ಅದೇ ವರ್ಷ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಕೂಡ ಪಟ್ಟಣ ಬಿಟ್ಟು ತಾಂಬರಂಗೆ ಬಂತು. ವಿದ್ಯಾರ್ಥಿಗಳನ್ನೂ ರೋಗಿಗಳನ್ನೂ ನಗರದ ಗದ್ದಲದಿಂದ ದೂರ ಇಡಬೇಕು ಎಂಬ ಒಂದೇ ಯೋಚನೆಗೆ ಊರು ಒಂದೇ ಸಿಕ್ಕಿತು.

ದೂರ ಇಡುವುದು ಎಂಬಲ್ಲೇ ಪದದ ತಿರುಳಿತ್ತು. ಕನ್ನಡದಲ್ಲಿ ಕ್ಷಯ ಎಂದರೆ ಸವೆಯುವುದು, ಕುಂದುವುದು. ರೋಗಕ್ಕೆ ಮೊದಲು ಅದು ಚಂದ್ರನಿಗೆ ಸೇರಿದ ಮಾತು. ದಕ್ಷನ 27 ಹೆಣ್ಣುಮಕ್ಕಳನ್ನು ಮದುವೆಯಾಗಿ ರೋಹಿಣಿಯೊಬ್ಬಳನ್ನೇ ಹಚ್ಚಿಕೊಂಡ ಚಂದ್ರನಿಗೆ ಮಾವನ ಶಾಪದಿಂದ ಬಂದದ್ದು ರಾಜಯಕ್ಷ್ಮ ಎನ್ನುತ್ತದೆ ಪುರಾಣ. ಆಯುರ್ವೇದವೂ ಕ್ಷಯಕ್ಕೆ ಅದೇ ಹೆಸರಿಟ್ಟಿತು. ಆ ಎರಡಕ್ಷರದ ಭಯ ಎಷ್ಟೆಂದರೆ, 60 ಸಂವತ್ಸರಗಳಲ್ಲಿ ಕೊನೆಯದಾದ ಕ್ಷಯ ಅನೇಕ ಪಂಚಾಂಗಗಳಲ್ಲಿ 'ಅಕ್ಷಯ' ಆಗಿದೆ. ಒಂದು 'ಅ' ಸೇರಿಸಿ ಇಡೀ ವರ್ಷವನ್ನು ಉಳಿಸಿಕೊಂಡಂತೆ. ಮನೆಗಳಲ್ಲೂ ಇದೇ ಉಪಾಯ. ಹೆಣ್ಣು ನೋಡುವ ಮಾತು ಬಂದಾಗ 'ಅವರ ಮನೇಲಿ ಆ ಕಾಯಿಲೆ ಇತ್ತಂತೆ' ಎಂದರೆ ಸಾಕಿತ್ತು, ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ. ರೋಗದ ಹೆಸರು ಹೇಳಲಾಗದ ಕಡೆ ಊರಿನ ಹೆಸರು ಕೆಲಸಕ್ಕೆ ಬರುತ್ತದೆ. ಉತ್ತರ ಕರ್ನಾಟಕದವರು ತಮಾಷೆಗೆ ಧಾರವಾಡಕ್ಕೆ ಕಳಿಸಬೇಕು ಎಂದಾಗ, ಚೆನ್ನೈಯವರು ಕೀಳ್ಪಾಕಂ ಎಂದಾಗ, ಅದು ವಿಶ್ವವಿದ್ಯಾಲಯದ ಮಾತೂ ಅಲ್ಲ, ಬಡಾವಣೆಯ ಮಾತೂ ಅಲ್ಲ. ಸ್ಯಾನಟೋರಿಯಂನಲ್ಲಿ ಆ ಮರೆಯೂ ಇಲ್ಲ, ಹೆಸರೇ ಆಸ್ಪತ್ರೆ.

ಇಷ್ಟಾದರೂ ಹಾಸಿಗೆ ಸಿಕ್ಕವರು ಅದೃಷ್ಟವಂತರು. ಲಕ್ಷಾಂತರ ಕ್ಷಯರೋಗಿಗಳ ದೇಶದಲ್ಲಿ ಎಷ್ಟು ಸ್ಯಾನಟೋರಿಯಂ ಕಟ್ಟಿದರೂ ಸಾಲುವಂತಿರಲಿಲ್ಲ. ಕಮಲಾ ನೆಹರೂ ಅವರಿಗೆ ಭೊವಾಲಿ ಇತ್ತು, ಆಮೇಲೆ ಯುರೋಪು ಇತ್ತು. ಅವರೂ ಉಳಿಯಲಿಲ್ಲ ಎಂಬುದು ಬೇರೆ ಮಾತು. ಮಿಕ್ಕವರಿಗೆ ಇದ್ದದ್ದು ಮನೆಯ ಮೂಲೆ, ಬೇರೆ ತಟ್ಟೆ, ಬೇರೆ ಲೋಟ. ಸ್ಟ್ರೆಪ್ಟೊಮೈಸಿನ್ ಬಂದು, 1952ರಲ್ಲಿ ಐಸೋನಿಯಾಜಿಡ್ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ಮಾತ್ರೆಯಿಂದ ವಾಸಿಯಾಗುವುದಾದರೆ ಗಾಳಿ, ಬೆಟ್ಟ, ವಿಶ್ರಾಂತಿ, ಒಳ್ಳೆಯ ಊಟ ಎಲ್ಲ ನಿಜವಾಗಿ ಬೇಕೇ? ಬೇಕೇಬೇಕು ಎನ್ನುವುದಾದರೆ ಬಡದೇಶಗಳ ರೋಗಿಗಳ ಕಥೆ ಮುಗಿದಂತೆ.

ಉತ್ತರ ಹುಡುಕುವ ಕೆಲಸ ನಡೆದದ್ದು ಇದೇ ಊರಿನಲ್ಲಿ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೂಡಿ ಚೆಟ್‌ಪೆಟ್‌ನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ತೆರೆದವು. ವ್ಯಾಲೇಸ್ ಫಾಕ್ಸ್ ಅದರ ಮುಖ್ಯಸ್ಥ. ಮದ್ರಾಸಿನ ಬಡ ಕೇರಿಗಳ ರೋಗಿಗಳನ್ನು, ಚೀಟಿ ಎತ್ತಿದಂತೆ, ಎರಡು ಗುಂಪು ಮಾಡಿದರು. ಒಂದು ಗುಂಪು ಒಂದು ವರ್ಷ ಸ್ಯಾನಟೋರಿಯಂನಲ್ಲಿ. ಇನ್ನೊಂದು ತಮ್ಮ ಮನೆಯಲ್ಲೇ. ಔಷಧಿ ಎರಡಕ್ಕೂ ಒಂದೇ. ಮನೆಯಲ್ಲಿದ್ದವರು ಒಂದೇ ಕೋಣೆಯಲ್ಲಿ ನಾಲ್ಕೈದು ಜನರ ಜೊತೆ ಮಲಗುವವರು, ಊಟ ಕಡಿಮೆ, ವಿಶ್ರಾಂತಿ ಇನ್ನೂ ಕಡಿಮೆ. ಮಾತ್ರೆ ನುಂಗುತ್ತಾರೋ ಇಲ್ಲವೋ ಎಂದು ನೋಡಲು ಕೇಂದ್ರದವರು ಹೇಳದೆ ಕೇಳದೆ ಮನೆಗೆ ಬಂದು ಮೂತ್ರ ಪರೀಕ್ಷೆ ಮಾಡುತ್ತಿದ್ದರು. 1959ರಲ್ಲಿ ಫಲಿತಾಂಶ ಹೊರಬಿತ್ತು. ವರ್ಷದ ಕೊನೆಗೆ ಸ್ಯಾನಟೋರಿಯಂನವರಲ್ಲಿ ನೂರಕ್ಕೆ 92 ಜನರಲ್ಲಿ ರೋಗ ಅಡಗಿತ್ತು, ಮನೆಯವರಲ್ಲಿ 86. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿತ್ತು: ಮನೆಯಲ್ಲೇ ಚಿಕಿತ್ಸೆ ಪಡೆದವರ ಹೆಂಡಿರು ಮಕ್ಕಳಿಗೆ ಅದರಿಂದ ಸೋಂಕಿನ ಅಪಾಯ ಹೆಚ್ಚಾಗಿರಲಿಲ್ಲ. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಊರು, ಎಲ್ಲದರ ಬುಡವನ್ನೂ ಆ ಪ್ರಯೋಗ ಅಲ್ಲಾಡಿಸಿತು.

ಜಗತ್ತಿನ ಸ್ಯಾನಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ದಾವೋಸ್‌ನಲ್ಲಿ ಅವು ಹೋಟೆಲುಗಳಾದವು, ಮಿಸಿಸಿಪ್ಪಿಯಲ್ಲಿ ಬುದ್ಧಿಮಾಂದ್ಯರ ಆರೈಕೆ ಕೇಂದ್ರ. ಶ್ರೀಮಂತರಿಗೆಂದು ಯುರೋಪಿನಲ್ಲಿ ಹುಟ್ಟಿದ ಒಂದು ಪದ್ಧತಿಯನ್ನು ಮದ್ರಾಸಿನ ಗುಡಿಸಲುಗಳು ಮನೆಗೆ ಕಳಿಸಿದ್ದು ವೈದ್ಯಕೀಯದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ರಾಮಾನುಜನ್ ತೀರಿಕೊಂಡ ಬಡಾವಣೆಯಿಂದಲೇ ಆ ತೀರ್ಪು ಬಂತು ಎಂಬುದು ಕಾಕತಾಳೀಯವೇ ಇರಬಹುದು, ಆದರೂ ಮನಸ್ಸಿನಲ್ಲಿ ಉಳಿಯುತ್ತದೆ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ನಂಬಿಕೆಯನ್ನು ಮುರಿಯಿತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ರೋಗ ಮುಚ್ಚಿಡುತ್ತಾರೆ ಎಂದು ಪಟ್ಟಣದವರು ಹೇಳುತ್ತಿದ್ದರಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದ ಕಡೆ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧಿ ಕೊಟ್ಟು ಕಳಿಸುತ್ತಿದ್ದರು, ಅಷ್ಟೆ.

ತಾಂಬರಂನ ಆಸ್ಪತ್ರೆ ಮುಚ್ಚಲಿಲ್ಲ, ಹೆಸರು ಬದಲಾಯಿಸಿಕೊಂಡಿತು. ಈಗ ಅದು ಸರ್ಕಾರಿ ಎದೆರೋಗಗಳ ಆಸ್ಪತ್ರೆ. ತಮಿಳಿನಲ್ಲಿ 'ನೆಂಜಗ ನೋಯ್ ಮರುತ್ತುವಮನೈ'. ಬೆಂಗಳೂರಿನ ಎಸ್.ಡಿ.ಎಸ್. ಕ್ಷಯರೋಗ ಆಸ್ಪತ್ರೆಗೂ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಎಂಬ ಹೆಸರು ಸೇರಿಕೊಂಡಿದೆ. ಆಸ್ಪತ್ರೆ ಈಗ ಆಸ್ತಮಾ, ಕ್ಯಾನ್ಸರ್ ಎಲ್ಲ ನೋಡುತ್ತದೆ ಎಂಬುದು ನಿಜ. ಎದೆಯ ಮಾತಾಡಿದರೆ ಕ್ಷಯದ ಮಾತು ತಪ್ಪುತ್ತದೆ ಎಂಬುದೂ ಅಷ್ಟೇ ನಿಜ. ಆದರೆ ಕಳಂಕ ತೊಡೆಯಲು ಆಸ್ಪತ್ರೆ ತನ್ನ ಹೆಸರು ಬಿಟ್ಟರೂ ಊರು ಬಿಡಲಿಲ್ಲ. ಬೋರ್ಡು ಬದಲಿಸಲು ಒಂದು ಆದೇಶ ಸಾಕು. ಕಂಡಕ್ಟರ್ ಕೂಗುವ ಹೆಸರಿಗೆ ಆದೇಶ ನಾಟುವುದಿಲ್ಲ. ತಾಂಬರಂ ನಿಲ್ದಾಣಕ್ಕೆ ರೈಲ್ವೆಯ ಸಂಕೇತಾಕ್ಷರ ಟಿಬಿಎಂ, ಸ್ಯಾನಟೋರಿಯಂಗೆ ಟಿಬಿಎಂಎಸ್. ಅದರಲ್ಲಿನ 'ಟಿಬಿ' ಬರೀ ತಾಂಬರಂನ ಅಕ್ಷರಗಳು, ಉದ್ದೇಶಪೂರ್ವಕ ಏನೂ ಇಲ್ಲ.

1993ರಲ್ಲಿ ಆ ಹೆಸರಿನ ಮೇಲೆ ಇನ್ನೊಂದು ಭಾರ ಬಿತ್ತು. ದೇಶದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಸೆಲ್ಲಪ್ಪನ್ ನಿರ್ಮಲಾ ಅವರ ಕೆಲಸದಿಂದ, ಇದೇ ಮದ್ರಾಸಿನಲ್ಲಿ. ಆ ರೋಗಿಗಳನ್ನು ಮುಟ್ಟಲು ಬೇರೆ ಆಸ್ಪತ್ರೆಗಳು ಹಿಂಜರಿಯುತ್ತಿದ್ದಾಗ ತಾಂಬರಂ ಬಾಗಿಲು ತೆರೆಯಿತು. ಒಬ್ಬಿಬ್ಬರಿಂದ ಶುರುವಾಗಿ ಅದು ದೇಶದ ಅತಿ ದೊಡ್ಡ ಏಡ್ಸ್ ಚಿಕಿತ್ಸಾ ಕೇಂದ್ರಗಳಲ್ಲಿ ಒಂದಾಯಿತು. ಆಂಧ್ರದಿಂದಲೂ ರೈಲು ಹತ್ತಿ ಬಂದರು. 2004ರಲ್ಲಿ ಸರ್ಕಾರ ಉಚಿತವಾಗಿ ಔಷಧಿ ಕೊಡಲು ಆರಿಸಿದ ಮೊದಲ ಕೆಲವು ಆಸ್ಪತ್ರೆಗಳಲ್ಲಿ ಇದೂ ಇತ್ತು. ಎಲ್ಲರೂ ದೂರ ತಳ್ಳಿದವರಿಗೆ ಜಾಗ ಕೊಡುವ ಹಳೆಯ ಕೆಲಸವನ್ನು ಸ್ಯಾನಟೋರಿಯಂ ಎರಡನೇ ಸಲ ಮಾಡಿತು. ಈ ಸಲ ಆ ಹೆಸರು ಆಸ್ಪತ್ರೆಯ ಫಲಕದ ಮೇಲೆ ಇರಲಿಲ್ಲ.

ಸರ್ಕಾರದ ಭಾಷೆ ಮಾತ್ರ ಮುಂದೆ ಮುಂದೆ ಓಡುತ್ತಿದೆ. ಕ್ಷಯ 'ನಿಯಂತ್ರಣ' ಕಾರ್ಯಕ್ರಮವನ್ನು 2020ರಲ್ಲಿ 'ನಿರ್ಮೂಲನೆ' ಎಂದು ಬದಲಿಸಿದರು, 2025ನ್ನು ಗಡುವು ಮಾಡಿದರು. ರೋಗಿಗಳ ಲೆಕ್ಕ ಇಡುವ ವ್ಯವಸ್ಥೆಯ ಹೆಸರು ನಿಕ್ಷಯ್. ಪಂಚಾಂಗದವರ 'ಅ' ಮಾಡಿದ ಕೆಲಸವನ್ನು ಇಲ್ಲಿ 'ನಿ' ಮಾಡಬೇಕು. ಈ ಹೊತ್ತಿಗೂ ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಜನ ಭಾರತದವರು. ರೋಗಿಗಳ ಊಟಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ಕೊನೆಯಲ್ಲಿ ಅದು 1000 ಆಯಿತು. ಊಟದ ಮಾತು ಮತ್ತೆ ಬರಲು ಕಾರಣವಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಗಳ ಮನೆಯವರಿಗೆ ಅಕ್ಕಿ, ಬೇಳೆಯಂಥ ಪಡಿತರ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಚೆಟ್‌ಪೆಟ್‌ನ ಪ್ರಯೋಗ ಸುಳ್ಳಾಯಿತು ಎಂದಲ್ಲ. ಅದು ಕೇಳಿದ್ದು ಬೇರೆ ಪ್ರಶ್ನೆ: ಮಾತ್ರೆ ಇದ್ದರೆ ಬಡವನ ಮನೆಯಲ್ಲಿ ರೋಗ ವಾಸಿಯಾಗುತ್ತದೆಯೇ? ಇದು ಕೇಳಿದ್ದು, ಆ ಮನೆಯ ಮಿಕ್ಕವರಿಗೆ ರೋಗ ಬರದ ಹಾಗೆ ಮಾಡುವುದು ಹೇಗೆ? ಬೆಟ್ಟ, ಗಾಳಿ, ಊಟ, ವಿಶ್ರಾಂತಿ ಎಂದು ಬ್ರೆಹ್ಮರ್ ಕಟ್ಟಿದ್ದ ಗಂಟಿನಲ್ಲಿ ಊಟ ಒಂದು ಹೀಗೆ ಬೇರೆ ದಾರಿಯಿಂದ ವಾಪಸ್ ಬಂದಿದೆ.

ಪಚ್ಚೈಮಲೈ ಬುಡದ ಬಯಲು ಈಗ ಬಯಲಾಗಿ ಉಳಿದಿಲ್ಲ. 1984ರಲ್ಲಿ ರಫ್ತು ವಲಯ ಬಂತು, 2005ರಲ್ಲಿ ರಾಷ್ಟ್ರೀಯ ಸಿದ್ಧ ಸಂಸ್ಥೆ ಬಂತು, 2021ರಲ್ಲಿ ತಾಂಬರಂ ತಾನೇ ಮಹಾನಗರ ಪಾಲಿಕೆಯಾಯಿತು. ಸಿದ್ಧ ವೈದ್ಯರನ್ನು ಕಾಣಲು ಹೋಗುವವರೂ, ಸಂಜೆ ಪಾಳಿಗೆ ಹೊರಟವರೂ, ಲಕೋಟೆ ಹಿಡಿದವರೂ ಟಿಕೆಟ್ ಕಿಟಕಿಯ ಮುಂದೆ ಒಂದೇ ಮಾತು ಹೇಳುತ್ತಾರೆ: 'ಒಣ್ಣು ಸಾನಟೋರಿಯಂ.'